ಮರದ ದೋಣಿ, ಚಿಕ್ಕದು, ಒಂದು

ಕೇಸ್ ನಂಬರ್ ಗೊತ್ತೇನು, ಕೇಳಿದಳು ಗಾಜಿನಾಚೆಯ ಡಾರ್ಲಾ.
ಗೊತ್ತಿಲ್ಲ.
ಹೋಗಲಿ, ವರ್ಷ?
ವರ್ಷವೆಂದರೆ, ನಾನು ಕಾರು ಕಲಿತದ್ದು ಆ ವರ್ಷ,
ಅವ್ವನಿಗೆ ತಿಂಗಳಿಗೊಂದು ಸುಳ್ಳು ಬರೆದದ್ದು ಆ ವರ್ಷ:
‘ಇಬ್ಬರೂ ಆರಾಮ ಅದೀವಿ, ನೀವೂ ಆರಾಮ ಇರ್ರಿ.’
ಇಷ್ಟೆಲ್ಲ ಹಿಡಿಸುವ ಚೌಕವಿರಲಿಲ್ಲ ಅರ್ಜಿಯಲ್ಲಿ.
ತೊಂಬತ್ತೊಂದು, ಅಂದೆ.

ಪಿಯೋರಿಯಾ ಕೌಂಟಿ ಕೋರ್ಟು. ಫೆಬ್ರವರಿ.
ಬೂಟಿನ ಹಿಮ ಕರಗಿ ಕಾಲಡಿಯಲ್ಲಿ ಕೆಸರಾಗುತ್ತಿತ್ತು.
ಹುಡುಕಲು ಆರು ಡಾಲರು; ಸಿಗಲಿ, ಬಿಡಲಿ.
ನೀಲಾಂಬಿಕಾ ಹಳ್ಳೂರ ಎಂದು
ಒಂದೊಂದೇ ಅಕ್ಷರ ಹೇಳಿದೆ, ಮೊರದಲ್ಲಿ ಕಾಳು ಆರಿಸಿದ ಹಾಗೆ.
ಕಂಪ್ಯೂಟರ್ ನೋಡಿ ತಲೆಯಾಡಿಸಿದಳು:
ಈ ಹೆಸರಿನವರು ಯಾರೂ ಯಾರನ್ನೂ ಬಿಟ್ಟಿಲ್ಲ.

ಬಿಟ್ಟಿದ್ದೇನೆ ತಾಯಿ, ಬಿಟ್ಟಿದ್ದೇನೆ.
ಸಾಕ್ಷಿಗೆ ಅವನೇ ಬೇಕೆಂದರೆ, ಹೋದ ಶ್ರಾವಣದಲ್ಲಿ ತೀರಿಕೊಂಡ.
ಪಿಂಚಣಿ ಕಚೇರಿಯ ಹುಡುಗ ಫೋನಿನಲ್ಲಿ ಹೇಳಿದ್ದ:
ಮದುವೆಗೆ ಹತ್ತು ವರ್ಷ ತುಂಬಿದ್ದರೆ
ಬಿಟ್ಟ ಹೆಂಡತಿಗೂ ಪಾಲುಂಟು;
ಒಂದು ದಿನ ಕಮ್ಮಿಯಾದರೂ ಇಲ್ಲ.
ತುಂಬಿತ್ತೇ? ಎಣಿಸಿರಲಿಲ್ಲ ನಾನು.
ಬದುಕುವಾಗ ಹತ್ತೋ ನಲವತ್ತೋ ಅನ್ನಿಸಿತ್ತು.

ಆಮೇಲೆ ಫಿಲ್ಮಿನ ಸುರುಳಿ. ಡಾರ್ಲಾ ತಿರುವುತ್ತ ಹೋದಳು,
ಊರಿನ ಮುರಿದ ಮನೆಗಳೆಲ್ಲ ಬೂದು ಬೆಳಕಿನಲ್ಲಿ ಸರಸರನೆ ಸರಿದವು.
ಒಂದೆಡೆ ನಿಲ್ಲಿಸಿ ನಕ್ಕಳು:
‘ನೀಲ್ ವಿರುದ್ಧ ಈರಾ. ಇಬ್ಬರೂ ಗಂಡಸರು!
ಆ ಕಾಲದಲ್ಲಿ ಅದು ಹೇಗೆ?’
ನಾನೇ ಆ ನೀಲ್. ಈರಸಂಗಪ್ಪನೇ ಈರಾ.
ಟೈಪು ಮಾಡಿದವರು ಯಾರೋ, ಜಾಗ ಉಳಿಸಿದ್ದರು.

ಪುಟ ಒಂಬತ್ತು. ಯಾರಿಗೆ ಏನು.
ನನಗೆ ಹೊಲಿಗೆ ಯಂತ್ರ, ಸೋಫಾ, ಹಳೆಯ ಡಾಟ್ಸನ್.
ಅವನಿಗೆ ಟೀವಿ, ಹಿಮ ಗೋರುವ ಸಲಿಕೆ, ಮತ್ತೆ
‘ಮರದ ದೋಣಿ, ಚಿಕ್ಕದು, ಒಂದು.’

ದೋಣಿ? ನಮಗೆಲ್ಲಿಯ ದೋಣಿ?
ಮೂರು ಸಲ ಓದಿದ ಮೇಲೆ ಹೊಳೆಯಿತು: ಕೊಣಮಿಗಿ!
ಜೋಳದ ಹಿಟ್ಟು ನಾದುವ ನನ್ನ ಕೊಣಮಿಗಿ,
ಅವ್ವ ಹಳೆ ಸೀರೆಯಲ್ಲಿ ಸುತ್ತಿ ವಿಮಾನಕ್ಕೆ ಹಾಕಿದ್ದು.
ಏನದು ಎಂದು ವಕೀಲ ಕೇಳಿದಾಗ
ನಾನೇ ಕೈಯಲ್ಲಿ ಆಕಾರ ತೋರಿಸಿದ್ದೆ,
ಹಿಂಗ, ದೋಣಿ ಇದ್ದಂಗ.
ರೊಟ್ಟಿ ಬಡಿಯಲು ಬಾರದ ಗಂಡಸಿಗೆ
ನ್ಯಾಯಾಧೀಶರು ದೋಣಿ ಕೊಟ್ಟರು.
ಈಗ ತಿದ್ದಿಸಬಹುದೇ, ಸುಮ್ಮನೆ ಕೇಳಿದೆ.
ಮೂವತ್ತು ದಿನದೊಳಗೆ ಬರಬೇಕಿತ್ತು, ಅಂದಳು ಡಾರ್ಲಾ.

ಕಟ್ಟುವಾಗ ಮುಹೂರ್ತ ನೋಡಿದ್ದರು: ಎಂಬತ್ತೊಂದು, ಮೇ ಮೂರು.
ಬಿಚ್ಚುವುದಕ್ಕೂ ಗಳಿಗೆಯಿದೆ, ರಬ್ಬರು ಮೊಹರಿನಲ್ಲಿ:
ತೊಂಬತ್ತೊಂದು, ಮೇ ಹದಿನಾಲ್ಕು, ಹತ್ತು ನಲವತ್ತೆರಡು.
ಬೆರಳು ಮಡಚಿದೆ.
ಹತ್ತು ವರ್ಷ, ಹನ್ನೊಂದು ದಿನ.

ಆದರೆ ತೀರ್ಪು ಏಪ್ರಿಲಿನಲ್ಲೇ ಆಗಬೇಕಿತ್ತಲ್ಲ?
ಸೀರೆ ಇಸ್ತ್ರಿ ಮಾಡಿಟ್ಟುಕೊಂಡಿದ್ದೆ ಅಂದು;
ಮುಂದೆ ಹೋಯಿತೆಂದು ಗೋಡೆಗೆ ಕೇಳುವಷ್ಟು ಬೈದಿದ್ದೆ.
ಹಿಂದಿನ ಪುಟದಲ್ಲಿ ಅವನ ಅರ್ಜಿ, ಅವನದೇ ಓರೆ ಅಕ್ಷರ:
ವಿಪರೀತ ಹಲ್ಲುನೋವು, ಮೂರು ವಾರ ಮುಂದೂಡಬೇಕು.
ಟ್ರ್ಯಾಕ್ಟರ್ ಕಾರ್ಖಾನೆಯಲ್ಲಿ ಲೆಕ್ಕ ಬರೆಯುತ್ತಿದ್ದವನು ಈರಸಂಗಪ್ಪ.
ಕಬ್ಬು ಸಿಗಿದು ತಿನ್ನುವ ಹಲ್ಲು ಅವನವು.
ನೋವಿತ್ತೋ, ಲೆಕ್ಕವಿತ್ತೋ.
ಕೇಳೋಣವೆಂದರೆ...

ಪುಟಕ್ಕೆ ಐವತ್ತು ಸೆಂಟು. ಉಬ್ಬು ಮೊಹರಿಗೆ ಬೇರೆ ಹತ್ತು ಡಾಲರು.
ಪಿಂಚಣಿಗಾದರೆ ಕೊನೆಯ ಪುಟ ಸಾಕು, ಅಂದಳು.
ಹಲ್ಲುನೋವಿನದೂ ಕೊಡು, ಅಂದೆ.
ಅದಕ್ಕೂ ಮೊಹರು ಬೇಕೇ?
ಪರ್ಸು ತೆರೆದು ನೋಟು ಎಣಿಸಿದೆ.
ಬೇಕು, ಅಂದೆ.